ಹಗ್ಗ ತುಂಡಾದರೆ ಯಂತ್ರ ಗುಜರಿಗಲ್ಲ

ಕಳೆದ ಮಳೆಗಾಲದಲ್ಲಿ ತವರಿಗೆ ಹೋದಾಗ ತೋಟಕ್ಕೆ ಕಾಲಿಡಲು ಭಯವಾಯಿತು. ವಿಟ್ಲದ ಬಳಿಯ ಆ ಪುಟ್ಟ ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬಾವಿಗೆ ಹೋಗುವ ದಾರಿಯೇ ಕಾಣುತ್ತಿರಲಿಲ್ಲ. ಉಮ್ಮ ಆ ಮನೆಯಲ್ಲಿ ಒಬ್ಬರೇ ಇರುವುದು. ಹಾವಿನ ಹೆದರಿಕೆಯಿಂದ ಸಂಜೆಯ ನಂತರ ಅವರು ಅಂಗಳ ದಾಟುವುದನ್ನೇ ಬಿಟ್ಟಿದ್ದರು.

"ಹುಲ್ಲು ಕತ್ತರಿಸುವ ಯಂತ್ರ ಏನಾಯಿತು ಉಮ್ಮ?" ಎಂದು ಕೇಳಿದೆ.

"ಅದರ ಹಗ್ಗ ತುಂಡಾಗಿದೆ ಮಗಳೇ. ಕೆಲಸಕ್ಕೆ ಬರುವ ಹುಡುಗ ಎಳೆದೂ ಎಳೆದೂ ಭುಜ ನೋವೆಂದು ಬಿಟ್ಟು ಹೋದ. ಪೇಟೆಯ ರಿಪೇರಿಯವನು, ಇದು ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ ಎಂದ. ನಾಳೆ ಗುಜರಿಯವನಿಗೆ ಬರಲು ಹೇಳಿದ್ದೇನೆ."

2011ರಲ್ಲಿ ಬಾಪ ತಂದಿದ್ದ ಯಂತ್ರವದು. ಅವರು ತೀರಿಹೋದ ಮೇಲೂ ಉಮ್ಮ ಅದನ್ನು ಒರೆಸಿ ಗೋಣಿಚೀಲ ಹೊದಿಸಿ ಇಡುತ್ತಿದ್ದರು. ಹೊಸದು ಕೊಳ್ಳಬೇಕೆಂದರೆ ಸೌದಿಯಲ್ಲಿರುವ ತಮ್ಮ ಹಣ ಕಳುಹಿಸಬೇಕು. "ಅವನಿಗೆ ಹೇಳಬೇಡ, ಅವನ ಕಷ್ಟ ಅವನಿಗಿದೆ" ಎಂದರು ಉಮ್ಮ. ಗುಜರಿಯವನು ಬರುವ ಮೊದಲು ಒಮ್ಮೆ ಬಿಚ್ಚಿ ನೋಡೋಣ ಎಂದು ನನಗನಿಸಿತು.

ಸಹೋದರಿಯರೇ, ಹಗ್ಗ ಎಳೆದು ಚಾಲೂ ಮಾಡುವ ಈ ಭಾಗ ನಾವು ಅಂದುಕೊಂಡಷ್ಟು ಜಟಿಲವಲ್ಲ. ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಎಂಜಿನ್ನಿನ ಬದಿಯ ಮುಚ್ಚಳದೊಳಗೆ ಅಂಥದ್ದೇ ಒಂದು ಪುಟ್ಟ ರಾಟೆ ಇರುತ್ತದೆ. ಹಗ್ಗ ಅದಕ್ಕೆ ಸುತ್ತಿಕೊಂಡಿರುತ್ತದೆ. ರಾಟೆಯ ಹಿಂದೆ ಸುರುಳಿ ಸುತ್ತಿದ ಪಟ್ಟಿಯಂಥ ಸ್ಪ್ರಿಂಗ್ ಇದೆ. ನಾವು ಹಗ್ಗ ಎಳೆದಾಗ ರಾಟೆ ತಿರುಗುತ್ತದೆ, ಕೊಕ್ಕೆಯಂಥ ಒಂದೆರಡು ತುಂಡುಗಳು ಎಂಜಿನ್ನನ್ನು ಹಿಡಿದು ತಿರುಗಿಸುತ್ತವೆ. ಎಂಜಿನ್ ಚಾಲೂ ಆದೊಡನೆ ಕೊಕ್ಕೆ ಬಿಟ್ಟುಕೊಳ್ಳುತ್ತದೆ. ಹಗ್ಗವನ್ನು ಮತ್ತೆ ಒಳಗೆ ಎಳೆದುಕೊಳ್ಳುವುದು ಸ್ಪ್ರಿಂಗಿನ ಕೆಲಸ. ಹಿಂದೆ ಕೆಲವು ಪಂಪುಗಳಿಗೆ ಪ್ರತಿ ಸಲವೂ ಕೈಯಿಂದಲೇ ಹಗ್ಗ ಸುತ್ತಿ ಎಳೆಯಬೇಕಿತ್ತು. ಆ ಸುತ್ತುವ ಕೆಲಸವನ್ನು ಈಗ ಸ್ಪ್ರಿಂಗ್ ಮಾಡುತ್ತದೆ, ಅಷ್ಟೇ.

ಆದ್ದರಿಂದ ತೊಂದರೆ ಎಲ್ಲಿದೆಯೆಂದು ಹಗ್ಗವೇ ಹೇಳುತ್ತದೆ. ಎಳೆದ ಹಗ್ಗ ಹಿಂದಕ್ಕೆ ಹೋಗದಿದ್ದರೆ ಸ್ಪ್ರಿಂಗ್ ಸಡಿಲವಾಗಿದೆ, ಕಳಚಿದೆ ಅಥವಾ ತುಂಡಾಗಿದೆ. ಹಗ್ಗ ಹಗುರವಾಗಿ ಬಂದು ಎಂಜಿನ್ ತಿರುಗದಿದ್ದರೆ ಕೊಕ್ಕೆ ಸವೆದಿದೆ ಇಲ್ಲವೇ ಜಿಡ್ಡು ಹಿಡಿದು ಅಂಟಿಕೊಂಡಿದೆ. ಮುಚ್ಚಳ ಬಿಚ್ಚಿದಾಗ ರಾಟೆ ಸಲೀಸಾಗಿ ತಿರುಗುತ್ತದೆ, ಆದರೆ ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ ಎಂದಾದರೆ ಅದು ಎಂಜಿನ್ನಿನದೇ ತೊಂದರೆ, ತಿಳಿದವರಿಗೇ ತೋರಿಸಬೇಕು.

ಕೆಲಸ ಶುರುಮಾಡುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಮೇಲಿನ ಟೋಪಿಯನ್ನು ಕಿತ್ತಿಡಬೇಕು. ಇಲ್ಲದಿದ್ದರೆ ಕೈ ಒಳಗಿರುವಾಗಲೇ ಎಂಜಿನ್ ಚಾಲೂ ಆಗಬಹುದು. ಕಣ್ಣಿಗೆ ಕನ್ನಡಕ ಇರಲಿ. ಸ್ಪ್ರಿಂಗ್ ಸರಿಯಿದ್ದರೆ ಅದನ್ನು ಹೊರಗೆ ತೆಗೆಯಲು ಹೋಗಬೇಡಿ, ಸಿಡಿದರೆ ಮುಖಕ್ಕೆ ಗಾಯವಾದೀತು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮುಚ್ಚಳದ ಸ್ಕ್ರೂಗಳನ್ನು ತೆಗೆದು ಒಂದು ತಟ್ಟೆಯಲ್ಲಿಟ್ಟೆ. ಬಿಚ್ಚಿದಂತೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ, ಮತ್ತೆ ಜೋಡಿಸುವಾಗ ಅದೇ ಗುರು. ಒಳಗೆ ಹುಲ್ಲಿನ ಪುಡಿ, ಜಿಡ್ಡು ತುಂಬಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೆಗೆದೆ. ಸ್ಪ್ರಿಂಗ್ ಗಟ್ಟಿಯಾಗಿತ್ತು, ಕೊಕ್ಕೆಗಳೂ ಸರಿಯಿದ್ದವು. ಹಾಳಾದದ್ದು ಹಗ್ಗವೊಂದೇ!

ಮೊದಲು ನಾನೂ ತಪ್ಪು ಮಾಡಿದೆ. ಬಟ್ಟೆ ಒಣಗಿಸುವ ಹಗ್ಗವನ್ನೇ ಕತ್ತರಿಸಿ ಕಟ್ಟಿದೆ. ಅದು ದಪ್ಪವಾದ್ದರಿಂದ ರಾಟೆಯಲ್ಲಿ ಪೂರ್ತಿ ಸುತ್ತಿಕೊಳ್ಳದೆ ಹಿಡಿ ಜೋತುಬಿತ್ತು. ಮರುದಿನ ತುಂಡಾದ ಹಗ್ಗವನ್ನೇ ಪೇಟೆಗೆ ಒಯ್ದು, ಯಂತ್ರಗಳ ಬಿಡಿಭಾಗದ ಅಂಗಡಿಯಲ್ಲಿ ಅಷ್ಟೇ ದಪ್ಪದ, ಅಷ್ಟೇ ಉದ್ದದ ಹೆಣೆದ ನೈಲಾನ್ ಹಗ್ಗ ತಂದೆ. ನಮ್ಮದಕ್ಕೆ ಬೇಕಾದದ್ದು ಸುಮಾರು ಒಂದು ಮೀಟರ್. ಅದರ ತುದಿಗಳನ್ನು, ಪೆಟ್ರೋಲಿನಿಂದ ದೂರ ಅಡುಗೆಮನೆಯಲ್ಲಿ, ಬೆಂಕಿಕಡ್ಡಿಯಿಂದ ಸ್ವಲ್ಪ ಕರಗಿಸಿಕೊಂಡರೆ ಎಳೆ ಬಿಚ್ಚಿಕೊಳ್ಳುವುದಿಲ್ಲ.

ಹಗ್ಗದ ಒಂದು ತುದಿಯನ್ನು ರಾಟೆಯ ತೂತಿಗೆ ಪೋಣಿಸಿ ಗಂಟು ಹಾಕಿ, ಇನ್ನೊಂದು ತುದಿಯನ್ನು ಮುಚ್ಚಳದ ತೂತಿನಿಂದ ಹೊರತಂದು ಹಿಡಿಗೆ ಕಟ್ಟಿದೆ. ಬಳಿಕ, ಎಳೆಯುವಾಗ ರಾಟೆ ಯಾವ ಕಡೆಗೆ ತಿರುಗುತ್ತದೋ ಅದರ ವಿರುದ್ಧ ದಿಕ್ಕಿಗೆ ಹಗ್ಗವನ್ನೆಲ್ಲ ಸುತ್ತಿದೆ. ಮುಖ್ಯ ಗುಟ್ಟು ಇರುವುದು ಇನ್ನು ಮೇಲೆ. ರಾಟೆಯ ಅಂಚಿನಲ್ಲಿರುವ ಕಚ್ಚಿಗೆ ಹಗ್ಗವನ್ನು ಸಿಕ್ಕಿಸಿ, ಹಗ್ಗದ ಸಮೇತ ರಾಟೆಯನ್ನು ಎಳೆಯುವ ದಿಕ್ಕಿಗೇ ಎರಡು ಮೂರು ಸುತ್ತು ತಿರುಗಿಸಬೇಕು. ಆಗ ಸ್ಪ್ರಿಂಗಿಗೆ ಬಿಗಿ ಬರುತ್ತದೆ. ರಾಟೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹಗ್ಗವನ್ನು ಕಚ್ಚಿನಿಂದ ಬಿಡಿಸಿ, ನಿಧಾನವಾಗಿ ಬಿಟ್ಟರೆ ಹಿಡಿ ತಾನಾಗಿಯೇ ಬಂದು ಮುಚ್ಚಳಕ್ಕೆ ಕೂರುತ್ತದೆ.

ಬಿಗಿ ಹೆಚ್ಚಾದರೂ ಕಷ್ಟ. ಹಗ್ಗವನ್ನು ಪೂರ್ತಿ ಎಳೆದು ಹಿಡಿದಾಗಲೂ ರಾಟೆ ಕೈಯಿಂದ ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು. ತಿರುಗದಿದ್ದರೆ ಒಂದು ಸುತ್ತು ಸಡಿಲಿಸಿ, ಇಲ್ಲವಾದರೆ ಸ್ಪ್ರಿಂಗ್ ಮುರಿಯುತ್ತದೆ.

ಹಗ್ಗ ಅಷ್ಟು ಬೇಗ ತುಂಡಾದದ್ದಕ್ಕೂ ಕಾರಣವಿತ್ತು. ಟ್ಯಾಂಕಿಯಲ್ಲಿ ತಿಂಗಳುಗಟ್ಟಲೆ ಹಳೆಯ ಪೆಟ್ರೋಲ್, ಪ್ಲಗ್ಗಿನ ತುದಿಯಲ್ಲಿ ಕಪ್ಪು ಮಸಿ. ಎಂಜಿನ್ ಹಿಡಿಯದಿದ್ದಾಗ ಹುಡುಗ ಸಿಟ್ಟಿನಿಂದ ಜಗ್ಗಿದ್ದ. ಪ್ಲಗ್ ಉಜ್ಜಿ, ಹೊಸ ಪೆಟ್ರೋಲ್ ಹಾಕಿಸಿದೆವು. ನಿಮ್ಮದು ಆಯಿಲ್ ಬೆರೆಸುವ ಯಂತ್ರವಾದರೆ ಕಂಪೆನಿಯ ಪುಸ್ತಕದಲ್ಲಿ ಹೇಳಿದಷ್ಟೇ ಬೆರೆಸಿ.

ಎಳೆಯುವುದಕ್ಕೂ ಕ್ರಮವಿದೆ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿಟ್ಟು, ಬ್ಲೇಡ್ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ. ಹಗ್ಗವನ್ನು ಮೊದಲು ಮೆಲ್ಲನೆ ಎಳೆಯಿರಿ. ಗಟ್ಟಿ ಸಿಕ್ಕಿದ ಮೇಲೆ ಒಮ್ಮೆ ಚುರುಕಾಗಿ ಎಳೆಯಿರಿ, ಕೊನೆಯವರೆಗೆ ಜಗ್ಗಬೇಡಿ. ಹಿಡಿಯನ್ನು ಪಟ್ಟೆಂದು ಬಿಡದೆ ಕೈಯಲ್ಲೇ ಹಿಂದಕ್ಕೆ ಒಯ್ಯಿರಿ. ಇದಕ್ಕೆ ಗಂಡಸಿನ ತೋಳ್ಬಲವೇ ಬೇಕೆಂದಿಲ್ಲ.

ಮೂರನೆಯ ಎಳೆತಕ್ಕೆ ಎಂಜಿನ್ ಗುಡುಗಿತು. ಒಳಗಿದ್ದ ಉಮ್ಮ ಓಡಿ ಬಂದರು. "ಬಾಪನ ಯಂತ್ರ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಳಿಕ ಯಂತ್ರ ನಿಲ್ಲಿಸಿ, "ಎಲ್ಲಿ, ನನಗೂ ಒಮ್ಮೆ ತೋರಿಸು" ಎಂದು ಹಗ್ಗಕ್ಕೆ ಕೈ ಹಾಕಿದರು. ಇಷ್ಟು ವರ್ಷ ಅದು ಗಂಡಸರ ವಸ್ತುವೆಂದು ಅವರು ಮುಟ್ಟಿದ್ದು ಒರೆಸಲು ಮಾತ್ರ.

ಗುಜರಿಯವನು ಬಂದಾಗ ಹುಡುಗ ಬಾವಿಯ ದಾರಿಯ ಹುಲ್ಲು ಕತ್ತರಿಸುತ್ತಿದ್ದ. ಉಮ್ಮ ಅವನಿಗೆ ಚಹಾ ಕೊಟ್ಟು, ಖಾಲಿ ಬಾಟಲಿಗಳನ್ನಷ್ಟೇ ಕೊಟ್ಟು ಕಳುಹಿಸಿದರು.

ನಿಮ್ಮ ಮನೆಯ ಮೂಲೆಯಲ್ಲೂ ಹೀಗೆ ಗೋಣಿ ಹೊದ್ದು ಕುಳಿತ ಯಂತ್ರವೊಂದಿರಬಹುದು. ಎಸೆಯುವ ಮೊದಲು ಒಮ್ಮೆ ಮುಚ್ಚಳ ತೆರೆದು ನೋಡಿ. ಹಾಳಾಗಿರುವುದು ಬರೀ ಒಂದು ಮೀಟರ್ ಹಗ್ಗವಿರಬಹುದು.