ಕಾರ್ತೀಕದಾಗ ನಮ್ಮೂರ ಬಸ್ ಸ್ಟ್ಯಾಂಡು



ನಮ್ಮ ಚಿತ್ರರಂಗಕ್ಕೆ ವಸಂತ ಅಂದರೆ ಬಲು ಪ್ರೀತಿ. 1980ರಲ್ಲಿ ಅಣ್ಣಾವ್ರ ‘ವಸಂತ ಗೀತ’ ಬಂತು. ಮಳೆ ಅಂದರಂತೂ ಕೇಳೋದೇ ಬೇಡ, 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯಲ್ಲಿ ಇಡೀ ಕರ್ನಾಟಕವೇ ತೊಯ್ದು ತೊಪ್ಪೆಯಾಯಿತು! ಆದರೆ ಮಳೆ ಹಿಂದೆ ಸರಿದು ಚಳಿ ಇನ್ನೂ ಬಲಿಯದ ಆ ಒಂದೂವರೆ ತಿಂಗಳು? ಪುಸ್ತಕದವರು ಅದನ್ನು ಶರದೃತು ಅಂತಾರೆ. ನಮ್ಮ ಕಡೆ ಅದು ಕಾರ್ತೀಕ, ಅಷ್ಟೇ. ಕ್ಯಾಮೆರಾ ಎತ್ತಿಕೊಂಡು ಮಲೆನಾಡಿಗೇ ಓಡುವ ನಿರ್ದೇಶಕ ಮಹಾಶಯರೇ, ಒಮ್ಮೆ ಈ ತಿಂಗಳಲ್ಲಿ ಕೊಪ್ಪಳ ಸೀಮೆಗೆ ಬನ್ನಿ. ಆಕಾಶ ತೊಳೆದಿಟ್ಟ ತಾಟಿನಂಗ ಇರುತ್ತದೆ!

ಬರೋದಾದರೆ ಬಸ್ಸಿನಲ್ಲೇ ಬರಬೇಕು. ಗಂಗಾವತಿಯಿಂದ ಹತ್ತೋಣ.

ಗಂಗಾವತಿ ಅಂದರೆ ಭತ್ತದ ಕಣಜ. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ ಈಗ ಹಸಿರು ಹೋಗಿ ಬಂಗಾರ ಬಂದಿರುತ್ತದೆ. ಗದ್ದೆಯಲ್ಲಿ ಕೊಯ್ಯುವ ಮಷಿನ್ನು, ರಸ್ತೆ ಅಂಚಿನಲ್ಲಿ ಒಣಹಾಕಿದ ಸೋನಾ ಮಸೂರಿ. ಡ್ರೈವರಣ್ಣ ಅರ್ಧ ರಸ್ತೆ ರೈತನಿಗೆ ಬಿಟ್ಟು ಅರ್ಧ ರಸ್ತೆಯಲ್ಲಿ ಬಸ್ಸು ತಗೊಂಡು ಹೋಗ್ತಾನೆ, ಬೈಗುಳವಿಲ್ಲ, ಹಾರ್ನಿಲ್ಲ. ಕಿಟಕಿಯಿಂದ ಬರುವ ಆ ಹೊಸ ಹುಲ್ಲಿನ ವಾಸನೆಗೆ ಯಾವ ಸೆಂಟೂ ಸಾಟಿ ಅಲ್ಲ ಬಿಡ್ರಿ! ಆದರೆ ಈ ಬಂಗಾರ ಸುಮ್ಮನೆ ಬರೋದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಾಟಿ ಮಾಡಿದವನ ಜೀವ ಬಾಯಿಗೆ ಬಂದಿತ್ತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಯಾವ ಕ್ಲೈಮ್ಯಾಕ್ಸಿಗೆ ಕಡಿಮೆ ಹೇಳಿ? ಆ ವರ್ಷದ ಕಾರ್ತೀಕದಲ್ಲಿ ರಸ್ತೆ ಮೇಲೆ ಭತ್ತ ಕಂಡಾಗ ನಮ್ಮ ಜನ ಅದನ್ನು ನೋಡಿದ ರೀತಿಯೇ ಬೇರೆ.

ಇನ್ನು ಕೊಪ್ಪಳ. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿಗಟ್ಟಲೆ ಸೀತಾಫಲ, ಪಕ್ಕದಲ್ಲೇ ಬಿಸಿ ಬಿಸಿ ಒಗ್ಗರಣಿ-ಮಿರ್ಚಿ. ಅದಿರಲಿ, ನಾವು ಸಿನಿಮಾದವರು, ನಮ್ಮ ಪಂಚಾಂಗವೇ ಬೇರೆ! ಅಕ್ಟೋಬರ್ 29 ಅಪ್ಪು ನಮ್ಮನ್ನು ಅಗಲಿದ ದಿನ. 2021ರಿಂದೀಚೆಗೆ ಆ ದಿನ ಓಣಿ ಓಣಿಯಲ್ಲಿ ಫೋಟೋ, ಹೂವಿನ ಹಾರ, ಅನ್ನ ಸಂತರ್ಪಣೆ. ಮೂರೇ ದಿನಕ್ಕೆ ನವೆಂಬರ್ 1. ನಮ್ಮ ಅಜ್ಜಂದಿರು ನಿಜಾಮನ ಪ್ರಜೆಗಳು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೆ ಈ ಕಡೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಕನ್ನಡ ರಾಜ್ಯ ಸೇರಲು 1956ರ ನವೆಂಬರ್ 1ರ ತನಕ ಕಾಯಬೇಕಾಯಿತು. ಕಾದು ಪಡೆದವರ ಬಾವುಟಕ್ಕೆ ಬಣ್ಣ ಒಂದು ತೂಕ ಹೆಚ್ಚೇ! ಆಮೇಲೆ ನವೆಂಬರ್ 9, ಶಂಕ್ರಣ್ಣನ ಹುಟ್ಟುಹಬ್ಬ. ‘ಆಟೋ ರಾಜ’ ಬಂದದ್ದು 1980ರಲ್ಲಿ. ಆಗ ಹುಟ್ಟದೇ ಇದ್ದ ಹುಡುಗರೂ ಇವತ್ತು ಆಟೋ ತೊಳೆದು ಹೂ ಕಟ್ಟುತ್ತಾರೆ. ಅಭಿಮಾನ ಅಂದರೆ ಇದಲ್ಲವೇ?

ಇದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಕೇಳಿದ್ದೀರಾ? ತೊಗಲುಗೊಂಬೆ ಆಡಿಸುತ್ತಲೇ ತೊಂಬತ್ತು ದಾಟಿದ ಈ ಅವ್ವನಿಗೆ 2025ರಲ್ಲಿ ಪದ್ಮಶ್ರೀ ಬಂತು. ಮುಂದೆ ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲಿನ ರಾಮ, ರಾವಣ, ಹನುಮಂತ. ಲೂಮಿಯೇರ್ ಸಹೋದರರು 1895ರಲ್ಲಿ ಪ್ಯಾರಿಸ್ಸಿನಲ್ಲಿ ಪರದೆ ಕಟ್ಟುವ ಎಷ್ಟೋ ಮೊದಲೇ ನಮ್ಮ ಊರುಗಳಲ್ಲಿ ಶೋ ನಡೆದಿತ್ತು, ಅದೂ ಬಯಲಿನಲ್ಲಿ!

ಕುಕನೂರು ದಾಟಿ ಯಲಬುರ್ಗಾ ಕಡೆ ಹೊರಳಿದರೆ ಎರಿ ಭೂಮಿ. ಹಿಂಗಾರಿ ಜೋಳ ಎಳೆಯ ಎಲೆ ಬೀಸುತ್ತಿರುತ್ತದೆ, ಕಡಲಿ ಆಗಷ್ಟೇ ಎದ್ದಿರುತ್ತದೆ. ಇಲ್ಲೇ ಹತ್ತಿರ ಇಟಗಿಯ ಮಹಾದೇವ ಗುಡಿ, ಕಟ್ಟಿಸಿದ್ದು 1112ರಲ್ಲಿ. ಸಂಜೆಯ ಓರೆ ಬಿಸಿಲು ಆ ಕಲ್ಲಿನ ಮೇಲೆ ಬಿದ್ದಾಗ ಲೈಟ್‌ಬಾಯ್ ಬೇಕಾಗಿಲ್ಲ ಸ್ವಾಮಿ! ಈ ಕಡೆಯ ಹಿರಿಯರನ್ನು ಮಾತಿಗೆ ಎಳೆದರೆ ಟೂರಿಂಗ್ ಟಾಕೀಸಿನ ಕಥೆ ಬಿಚ್ಚುತ್ತಾರೆ. ಮಳೆ ನಿಂತು ನೆಲ ಒಣಗಿದ ಮೇಲೆ ಟೆಂಟು ಏಳೋದು, ಕಂಬಳಿ ಹೊದ್ದು ನೆಲದ ಟಿಕೆಟ್ಟಿನಲ್ಲಿ ಎರಡನೇ ಆಟ ನೋಡೋದು. ನನಗೆ ಆ ಭಾಗ್ಯ ಸಿಗಲಿಲ್ಲ, ಟೆಂಟು ನಾನು ಹುಟ್ಟೋ ಹೊತ್ತಿಗೆ ಮಡಿಚಿತ್ತು.

ಕೊನೆಗೆ ಕುಷ್ಟಗಿ. ದೀಪಾವಳಿ ಪಾಡ್ಯಕ್ಕೆ ಸಗಣಿಯ ಪಾಂಡವರು ಬಾಗಿಲಲ್ಲಿ ಕೂತು, ಚೆಂಡು ಹೂವು, ಉತ್ತರಾಣಿ ಮುಡಿದಿರುತ್ತಾರೆ. ತಾಂಡಾಗಳಲ್ಲಿ ಅಮಾವಾಸ್ಯೆ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ‘ಮೇರಾ’ ಹಾಡುತ್ತ ಬರುತ್ತಾರೆ, ಮರುದಿನ ಅಡವಿಗೆ ಹೋಗಿ ಹೂ ತರುತ್ತಾರೆ. ಬೆಂಗಳೂರು, ಮಂಗಳೂರು, ಗೋವಾ ಅಂತ ಚೆದುರಿದ ಮಂದಿಯೆಲ್ಲ ಬಂದು ಸೇರಿರುತ್ತಾರೆ. ಮನೆ ತುಂಬ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ನಗು.

ಆದರೆ ಗೆಳೆಯರೇ, ಕಥೆಯ ತಿರುವು ಇಲ್ಲೇ ಇದೆ. ಹಬ್ಬ ಮುಗಿದು, ಸಜ್ಜಿ ರಾಶಿ ಒಳಗೆ ಸೇರಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಇಲ್ಲಿಗೆ ಕಾಲುವೆ ನೀರಿಲ್ಲ, ಕೆಂಪು ನೆಲಕ್ಕೆ ಎರಡನೇ ಬೆಳೆ ಇಲ್ಲ. ಅದಕ್ಕೇ ಗುಳೆ. ಗಂಟು ಮೂಟೆ, ಹಿಟ್ಟಿನ ಚೀಲ, ಕೂಸು ಸಮೇತ ರಾತ್ರಿ ಬಸ್ಸಿಗೆ ಜನ ನಿಲ್ಲುತ್ತಾರೆ. 2025ರ ಮೇ ತಿಂಗಳಿಂದ ಕುಷ್ಟಗಿಗೆ ರೈಲೂ ಬಂದಿದೆ, ಬರೋ ದಾರಿಯೇ ಹೋಗೋ ದಾರಿ! ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದು ಇಲ್ಲೇ ಉಳಿದೆ. ನನ್ನ ಬೆಂಚಿನಲ್ಲಿ ಕೂತಿದ್ದ ಮೂವರೂ ಈಗ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸದಲ್ಲಿದ್ದಾರೆ. ಮೊದಲ ದಿನ ಮೊದಲ ಆಟ ಅವರಿಗೆ ನನಗಿಂತ ಮುಂಚೆ ಸಿಗುತ್ತದೆ, ನಿಜ. ಫೋನು ಮಾಡಿದರೆ ಮಾತ್ರ ಕೇಳೋದು ಪಿಕ್ಚರಿನ ಸುದ್ದಿ ಅಲ್ಲ, “ಊರಾಗ ಥಂಡಿ ಬಿತ್ತೇನಲೇ? ಜೋಳ ಎಷ್ಟೆತ್ತರ ಆಗೈತಿ?”

ಊರಿನ ಅತಿ ಚೆಂದದ ತಿಂಗಳೂ ಊರು ಬಿಡುವ ತಿಂಗಳೂ ಒಂದೇ ಆಗಿಬಿಟ್ಟರೆ ಏನು ಮಾಡೋಣ? ಉತ್ತರ ಕೊಡಬೇಕಾದವರು ನೀರು, ಕೆಲಸ ಎರಡೂ ಕೊಡಬೇಕು. ಅಲ್ಲಿಯ ತನಕ, ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡು ರಾತ್ರಿ ಗಾಡಿಗೆ ಕಾಯುತ್ತಿರುವ ಗೆಳೆಯಾ, ಚೀಲದಲ್ಲಿ ನಾಲ್ಕು ಸೀತಾಫಲ ಹಾಕಿಕೋ. ಗಟ್ಟಿ ಇದ್ದದ್ದನ್ನೇ ಆರಿಸು, ಎರಡು ದಿನಕ್ಕೆ ಹಣ್ಣಾಗುತ್ತವೆ. ಕೆಲಸದ ಜಾಗದಲ್ಲಿ ಹಂಚಿಕೊಂಡು ತಿನ್ನಿ, ಮುಂದಿನ ದೀಪಾವಳಿಗೆ ತಪ್ಪದೆ ಬನ್ನಿ.

ಮುಂದಿನ ವಾರ ಮತ್ತೆ ಸಿಗೋಣ. ಸರಿ ತಾನೇ?