ಕದನವು ಮುಗಿದ ಮೇಲೆ

ದಾಯಾದಿ ಕಲಹವು ಮುಗಿದ ಮನೆಯಲ್ಲಿ ಹೊಲದ ಪ್ರಶ್ನೆಯೇ ಮೊದಲೇಳುವುದೆಂಬುದನ್ನು ಗೃಹಸ್ಥರಾದ ವಾಚಕರು ಬಲ್ಲರು. ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ 1865ರಲ್ಲಿ ಹೀಗೆಯೇ ಆಯಿತು. ನಾಲ್ಕು ವರ್ಷಗಳ ಅಂತರ್ಯುದ್ಧದ ಕೊನೆಯಲ್ಲಿ, ದಾಸ್ಯವಿಮುಕ್ತರಾದ ಕರಿಯ ಜನರಿಗೆ ದಕ್ಷಿಣದ ಕಡಲತಡಿಯ ಭೂಮಿಯನ್ನು ಕುಟುಂಬಕ್ಕೆ 40 ಎಕರೆಗಳಂತೆ ಹಂಚಬೇಕೆಂದು ಸೇನಾನಿ ಷರ್ಮನ್ನನು ಆಜ್ಞಾಪಿಸಿದ್ದನು. ಸುಮಾರು 40,000 ಮಂದಿ ಅಲ್ಲಿ ನೆಲೆಯೂರಿದರು.

ಅಷ್ಟರಲ್ಲಿ ಲಿಂಕನ್ ಮಹಾಶಯನು ಹತನಾಗಲು, ಆಂಡ್ರೂ ಜಾನ್ಸನ್ನನು ಅಧ್ಯಕ್ಷನಾದನು. ಈತನು ದರ್ಜಿಯ ಕಸುಬಿನಿಂದ ಮೇಲೆ ಬಂದವನು, ಶಾಲೆಯನ್ನೇ ಕಂಡವನಲ್ಲ, ಲೆಕ್ಕವನ್ನು ಕಲಿಸಿದವಳು ಪತ್ನಿ. (ಉಪಾಧ್ಯಾಯನಾದ ನನಗೆ ಇದು ಮೆಚ್ಚಿನ ಸಂಗತಿ.) ಬಡತನವನ್ನುಂಡ ಇವನೇ, ದಂಗೆಯೆದ್ದ ಭೂಸ್ವಾಮಿಗಳನ್ನು ಕ್ಷಮಿಸಿ ಆ ಹೊಲಗಳನ್ನು ಅವರಿಗೇ ಹಿಂದಿರುಗಿಸಿದನು! ಎಡಿಸ್ಟೊ ದ್ವೀಪದ ಇಗರ್ಜಿಯಲ್ಲಿ ಸೇನಾನಿ ಹೊವರ್ಡನು ಈ ವಾರ್ತೆಯನ್ನು ತಿಳಿಸಲು ನಿಂತಾಗ, ಒಬ್ಬ ಹೆಂಗಸು ದುಃಖದ ಹಾಡೊಂದನ್ನು ಎತ್ತಿದಳು, ಸಭೆಯೆಲ್ಲವೂ ದನಿಗೂಡಿಸಿತು.

ಶಾಸನಸಭೆಯು ಅಧ್ಯಕ್ಷನ ನಿಷೇಧವನ್ನು ಮೀರಿ 1866ರಲ್ಲಿ ಪೌರಹಕ್ಕಿನ ಶಾಸನವನ್ನು ಮಾಡಿತು. 1868ರಲ್ಲಿ ಅವನನ್ನೇ ವಿಚಾರಣೆಗೆ ನಿಲ್ಲಿಸಿತು. ವಿರುದ್ಧವಾಗಿ 35 ಮತಗಳು, ಪರವಾಗಿ 19. ಒಂದೇ ಮತದ ಕೊರತೆಯಿಂದ ಪದವಿಯುಳಿಯಿತು. ಕರಿಯ ಗಂಡಸರಿಗೆ 1870ರಲ್ಲಿ ಮತದಾನದ ಹಕ್ಕು ಸಂವಿಧಾನದಲ್ಲಿ ಸೇರಿತು. 1877ರಲ್ಲಿ ಕಾವಲಿನ ಸೈನ್ಯವು ಹಿಂದೆಗೆದ ಬಳಿಕ ಅದೂ ಕ್ರಮೇಣ ಕೈತಪ್ಪಿತು. ಹೊಲವಿಲ್ಲದವರು ಹಳೆಯ ಒಡೆಯರ ಭೂಮಿಯನ್ನೇ ವಾರಕ್ಕೆ ಉತ್ತರು.