ಉಬ್ಬಸವೂ ಎರಡು ಪಂಪುಗಳೂ

ದಮ್ಮು ಕಟ್ಟಿದಾಗ ಮಾತ್ರ ಉಬ್ಬಸವೆಂದು ನಾವು ತಿಳಿದಿದ್ದೇವೆ. ಆದರೆ ಹೆಚ್ಚಿನ ರೋಗಿಗಳಲ್ಲಿ ಶ್ವಾಸನಾಳದ ಒಳಪೊರೆ ದಮ್ಮಿಲ್ಲದ ದಿನಗಳಲ್ಲೂ ಊದಿಕೊಂಡೇ ಇರುತ್ತದೆ. ಧೂಳು, ಹೊಗೆ, ಮಳೆಗಾಲದ ಬೂಷ್ಟು ತಾಗಿದೊಡನೆ ಆ ಪೊರೆಯ ಕೋಶಗಳೇ ಉರಿಯೂತವನ್ನು ಕೆರಳಿಸುತ್ತವೆ; ಕಫ ತುಂಬುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸಾಲ್ಬುಟಮಾಲ್ ಪಂಪು ಸಡಿಲಿಸುವುದು ಈ ಸ್ನಾಯುವನ್ನಷ್ಟೆ. ಪೊರೆಯ ಊತವಿಳಿಸುವುದು ಸ್ಟೀರಾಯ್ಡ್ ಪಂಪು. ದಮ್ಮು ನಿಂತಿತೆಂದು, ವೈದ್ಯರನ್ನು ಕೇಳದೆ, ನಾವು ಮೊದಲು ಬಿಡಿಸುವುದು ಇದನ್ನೇ. ಅಭ್ಯಾಸವಾದೀತೆಂಬ ಸುಳ್ಳು ಹೆದರಿಕೆ ಬೇರೆ! 12 ದಾಟಿದವರು ಸಾಲ್ಬುಟಮಾಲ್ ಒಂದನ್ನೇ ನಂಬಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಈ ಎರಡು ಪಂಪುಗಳ ವ್ಯತ್ಯಾಸವನ್ನು ಮಲೆಯಾಳ ಓದಲು ಬಾರದ ನಮ್ಮ ಕಾಸರಗೋಡಿನ ತಾಯಂದಿರಿಗೆ ತಿಳಿಸುವವರಾರು? ಆರೋಗ್ಯ ಇಲಾಖೆ ಕನ್ನಡದಲ್ಲೊಂದು ಕರಪತ್ರ ಅಚ್ಚು ಹಾಕಿಸಿ, ಜೂನ್ ಮಳೆಗೆ ಮೊದಲೇ ಶಾಲೆಗಳಿಗೆ ಕಳುಹಿಸಲಿ. ಹಂಚುವ ಕೆಲಸ ಅಧ್ಯಾಪಕರಾದ ನಮಗಿರಲಿ.